ಕಣಜದ ಕೇರೆಹಾವು

ಹೊಳೆದಂಡೆಯಲ್ಲಿ ಒಂದು ಮಠ. ಅಲ್ಲಿ ಬೋಳಯ್ಯ ಅಂತ ಒಬ್ಬ ಗುರು, ಅವರ ಹತ್ತಿರ ಚಿಕ್ಕಲಿಂಗ ಅಂತ ಒಬ್ಬ ಶಿಷ್ಯ.

ಮಡಿ ಎನ್ನಿ, ನೇಮ ಎನ್ನಿ, ಚಿಕ್ಕಲಿಂಗನನ್ನು ಮೀರಿಸುವವರೇ ಇರಲಿಲ್ಲ. ಆದರೆ ಗುರು ಕಿವಿಯಲ್ಲಿ ಹೇಳುವ ಉಪದೇಶ ಮಾತ್ರ ಅವನಿಗೆ ಇನ್ನೂ ಆಗಿರಲಿಲ್ಲ. ಅವನಾದ ಮೇಲೆ ಮಠಕ್ಕೆ ಬಂದ ಶಿಷ್ಯರಿಗೆಲ್ಲ ಆಗಿಹೋಗಿತ್ತು. ಆ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ದಿನ ಹಾವಾಡಿಗ ಮುನಿನಂಜ ಬುಟ್ಟಿ ಹೊತ್ತು ಬಂದ.

"ಕಣ್ಣು ಮಂಜಾಯ್ತು ಬುದ್ಧಿ. ಮಗಳ ಮನೆಗೆ ಹೋಗ್ತಾ ಇದೀನಿ. ಅಳಿಯನಿಗೆ ಹಾವು ಅಂದ್ರೆ ಆಗಲ್ಲ. ಇದು ಕೇರೆ, ವಿಷ ಇಲ್ಲ. ನನ್ನ ಕೈಯಲ್ಲೇ ಬೆಳೆದದ್ದು. ನಿಮ್ಮ ಕಣಜದಲ್ಲಿ ಇಟ್ಕೊಳ್ಳಿ, ಇಲಿಗಳಿಗೇನು ಕಮ್ಮಿ?"

ಬುಟ್ಟಿ ಕೊಟ್ಟು, ಮುಚ್ಚಳ ಒಮ್ಮೆ ಸವರಿ, ಮುದುಕ ಹೊರಟುಹೋದ.

ಬೋಳಯ್ಯ ಬುಟ್ಟಿಯನ್ನು ಚಿಕ್ಕಲಿಂಗನ ಮುಂದೆ ಸರಿಸಿದರು. "ಇದು ಇಲ್ಲಿ ನೆಮ್ಮದಿಯಾಗಿ ಉಂಡ ದಿನ ಬಾ. ಉಪದೇಶ ಕೊಡ್ತೀನಿ."

ಚಿಕ್ಕಲಿಂಗ ಕುಣಿಯುವುದೊಂದು ಬಾಕಿ.

ಬುಟ್ಟಿ ತೆಗೆದರೆ ಹಾವಿನ ಕೆಳಗೆ ಒಂದು ಹಳೆಯ ಚಿಂದಿ. ಬೆವರು, ಬೀಡಿಹೊಗೆ, ಇನ್ನೂ ಏನೇನೋ ನಾತ. ಅದನ್ನು ಎಳೆದು ಹಾಕಿ, ಸೀಗೆಪುಡಿ ಹಚ್ಚಿ ಒಗೆದ. ಬುಟ್ಟಿಗೆ ಅರಿಶಿನ ಸಾರಿಸಿದ. ಮಡಿಬಟ್ಟೆ ಹಾಸಿದ. ಹಾವಿನ ತಲೆಗೆ ವಿಭೂತಿ, ಮುಂದೆ ಬಟ್ಟಲ ತುಂಬ ಹಾಲು. ಮಠಕ್ಕೆ ಬಂದ ಮೇಲೆ ಮಠದ ಹಾಗೆ ಇರಬೇಡವೇ, ಪಾಪ!

ಹಾವು ಬುಟ್ಟಿಯ ಅಂಚಿಗೆ ಮುದುಡಿಕೊಂಡು ಬುಸುಗುಟ್ಟಿತು. ಹಾಲು ಒಡೆದುಹೋಯಿತು.

ಚಿಕ್ಕಲಿಂಗ ಬಿಡುವ ಆಸಾಮಿಯಲ್ಲ. ಸ್ನಾನವಾದ ಮೇಲೆ ಒಮ್ಮೆ ಮುಚ್ಚಳ ತೆಗೆಯುವುದು, ಪೂಜೆಯಾದ ಮೇಲೆ ಒಮ್ಮೆ. ಮೈ ಸವರಿ, "ಉಣ್ಣಪ್ಪಾ, ನಾನು ನಿನ್ನವನೇ" ಎನ್ನುವುದು. ಕಣ್ಣುಮುಚ್ಚಿಕೊಂಡು ಬೋನಿನಿಂದ ಇಲಿಯನ್ನೂ ತಂದು ಅದರ ಬಾಯಿಗೆ ಹಿಡಿದ. ಹಾವು ಇಲಿಯನ್ನು ಬಿಟ್ಟು ಅವನ ಬೆರಳಿಗೆ ಬಾಯಿ ಹಾಕಿತು.

ಬರಬರುತ್ತ ಅದರ ಮೈ ಹೊಳಪು ಹೋಯಿತು, ಬೆನ್ನುಮೂಳೆ ಎದ್ದು ಕಂಡಿತು. ಚಿಕ್ಕಲಿಂಗನಿಗೆ ಹೆದರಿಕೆಯಾಯಿತು. ಬುಟ್ಟಿ ಹೊತ್ತು ಗುರುಗಳ ಬಳಿ ಓಡಿದ.

"ಬುದ್ಧಿ, ಇದು ಸಾಯುತ್ತೆ. ನಾನು ಮಾಡದೆ ಬಿಟ್ಟದ್ದು ಏನೂ ಇಲ್ಲ."

"ಅದೇ ಕಾಣ್ತಾ ಇದೆ," ಎಂದರು ಬೋಳಯ್ಯ. "ಇದರಲ್ಲಿ ಒಂದು ಚಿಂದಿ ಇತ್ತಲ್ಲ, ಎಲ್ಲಿ?"

"ಒಗೆದಿಟ್ಟಿದೀನಿ. ಗಬ್ಬು ನಾರ್ತಿತ್ತು."

"ಅದಕ್ಕೆ ಇದ್ದ ಊರು ಆ ಮುದುಕನ ನಾತ ಒಂದೇ ಕಣಯ್ಯ. ನೀನು ಅದನ್ನು ತೊಳೆದು ಹೊಳೆಗೆ ಬಿಟ್ಟೆ."

ಚಿಕ್ಕಲಿಂಗನ ಮುಖ ಸಪ್ಪಗಾಯಿತು. "ಈಗೇನು ಮಾಡ್ಲಿ?"

"ಏನೂ ಮಾಡಬೇಡ."

"ಆಮೇಲೆ?"

"ಅದನ್ನೇ ಮುಂದುವರಿಸು."

ಬೋಳಯ್ಯ ತಾವೇ ಬುಟ್ಟಿಯನ್ನು ಕಣಜದ ಹಿಂದಿನ ಕತ್ತಲೆ ಮೂಲೆಯಲ್ಲಿಟ್ಟರು. ಮುಚ್ಚಳ ಸರಿಸಿದರು, ಪಕ್ಕದಲ್ಲಿ ನೀರಿಟ್ಟರು, ತಿರುಗಿ ನೋಡದೆ ಬಂದರು.

"ಇಲ್ಲಿ ರಾಗಿ ಕೇರೋದು ರಾಶಿ ಬಿದ್ದಿದೆ. ಕೂತು ಕೇರು. ಆ ಮೂಲೆಗೆ ಬೆನ್ನು ಹಾಕಿಕೋ."

"ಬದುಕಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು?"

"ಅದಕ್ಕೆ ಗೊತ್ತಿದ್ದರೆ ಸಾಕು."

ಚಿಕ್ಕಲಿಂಗ ಮೊರ ಹಿಡಿದು ಕೂತ. ಕೈ ಮೊರದಲ್ಲಿ, ಪ್ರಾಣವೆಲ್ಲ ಬೆನ್ನ ಹಿಂದೆ. ಎಲ್ಲಿ ಸರಕ್ಕೆಂದರೂ ಕತ್ತು ತಾನೇ ತಿರುಗಲು ನೋಡುತ್ತಿತ್ತು. ಮೊದಲು ಉಪದೇಶ ಕೈತಪ್ಪಿತಲ್ಲ ಅಂತ ಅತ್ತ. ಆಮೇಲೆ, ಕಣ್ಣು ಮಂಜಾದ ಮುದುಕ ನಂಬಿ ಕೊಟ್ಟಿದ್ದನಲ್ಲ, ಅದನ್ನು ಕೊಂದೆನಲ್ಲ ಅಂತ ಅತ್ತ. ಹಾಗೆ ಅತ್ತು ಅತ್ತು ಸಾಕಾಗಿ, ರಾಗಿ ಕೇರತೊಡಗಿದ.

ದಿನಗಳು ಹೋದವು. ಹೊಟ್ಟು ತಲೆಗೆ ಮೆತ್ತಿತು, ವಿಭೂತಿಯ ಮೇಲೆ ಧೂಳು ಕೂತಿತು. ಒರೆಸಿಕೊಳ್ಳಬೇಕು ಅಂತಲೂ ಅವನಿಗೆ ಅನಿಸಲಿಲ್ಲ.

ಒಂದು ಮಧ್ಯಾಹ್ನ ಪಾದಕ್ಕೆ ತಣ್ಣಗೆ ಏನೋ ತಗುಲಿತು. ಮೊರ ನಿಂತಿತು. ಕೇರೆ ನಿಧಾನವಾಗಿ ಅವನ ಪಾದ ಹತ್ತಿ ಇಳಿಯುತ್ತಿತ್ತು. ನಡುವಿನಲ್ಲಿ ಹೊಟ್ಟೆ ಉಬ್ಬಿತ್ತು, ಇಲಿಯೊಂದನ್ನು ಉಂಡಿತ್ತು.

ಸವರಲು ಕೈ ಎದ್ದಿತು. ಚಿಕ್ಕಲಿಂಗ ಕೈಯನ್ನು ಮತ್ತೆ ಮೊರದ ಮೇಲಿಟ್ಟ. ಹಾವು ಕಿಟಕಿಯ ಕೆಳಗೆ ಬಿಸಿಲು ಬಿದ್ದ ಕಡೆ ಹೋಗಿ ಸುರುಳಿ ಸುತ್ತಿ ಮಲಗಿತು.

ಅವನು ಸದ್ದಾಗದಂತೆ ಎದ್ದು ಗುರುಗಳ ಬಳಿ ಬಂದ.

"ಉಂಡಿದೆ ಬುದ್ಧಿ. ಬಿಸಿಲಿಗೆ ಮಲಗಿದೆ."

"ಸಂತೋಷ. ಮತ್ತೆ ಮುಖ ಯಾಕೆ ಹೀಗಿದೆ?"

ಚಿಕ್ಕಲಿಂಗ ನೆಲ ನೋಡಿದ. ಹೇಳಲು ನಾಚಿಕೆಯಾಯಿತು, ಹೇಳದೆ ಇರಲೂ ಆಗಲಿಲ್ಲ.

"ನನ್ನ ಪಾದದ ಮೇಲೇ ಹೋಯ್ತು. ಕಲ್ಲು ದಾಟಿದ ಹಾಗೆ. ಇಷ್ಟೆಲ್ಲ ಮಾಡಿದೆ, ನನ್ನ ಗುರುತೇ ಹಿಡೀಲಿಲ್ಲ ಅದು."

"ಹತ್ತಿರ ಬಾ."

ಚಿಕ್ಕಲಿಂಗ ಹತ್ತಿರ ಹೋಗಿ ಮಂಡಿಯೂರಿದ. ಬೋಳಯ್ಯ ಹೊದ್ದ ವಸ್ತ್ರವನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡರು, ಉಪದೇಶ ಕೊಡುವಾಗ ಎಲ್ಲರಿಗೂ ಮಾಡುವ ಹಾಗೆ. ಹೊಟ್ಟು ಮೆತ್ತಿದ ಅವನ ಬಲಗಿವಿಗೆ ಬಾಯಿ ತಂದರು.

"ಗುರುತು ಹಿಡಿದಿದ್ದರೆ ಓಡಿಹೋಗ್ತಿತ್ತು."