ಯಾರೂ ಹಿಡಿಯದ ಹಗ್ಗ

"ಅಜ್ಜಾ, ತಪ್ಪು ಯಾರದು?" ಎಂದು ಕೊಟ್ರೇಶ ಕೇಳಿದ. "ಮೇಲಿನ ಸ್ಕ್ರಿಪ್ಟನ್ನು ಸಾಲು ಸಾಲಾಗಿ ನಡೆಸಿ ನೋಡಿದೆ, ಮೆಮೊರಿಯಲ್ಲಿ ಯಾರೂ ಬಳಸದ ಜಾಗವನ್ನು ತಾನೇ ತೆರವು ಮಾಡಿ ಬೇರೆಯದಕ್ಕೆ ಕೊಡುತ್ತೆ, ಸರಿಯಿದೆ. ಅದೇ ಮೆಮೊರಿ ಬಳಸೋ ಕೆಳಗಿನ ಕಂಪೈಲ್ ಆದ ಕೋಡನ್ನು ಬೇರೆಯಾಗಿ ಓಡಿಸಿದೆ, ಅದೂ ಸರಿಯಿದೆ. ಎರಡೂ ಕೂಡಿ ಓಡಿದರೆ ಪ್ರೋಗ್ರಾಮು ನಡುವೆಯೇ ಸತ್ತು ಬೀಳುತ್ತೆ. ನಿಲ್ಲಿಸಿ ನಿಲ್ಲಿಸಿ ನೋಡಿದರೆ ಸಾಯೋದೇ ಇಲ್ಲ. ನಾಳೆ ಅದನ್ನು ಉಸಿರಾಟದ ಯಂತ್ರಕ್ಕೆ ಜೋಡಿಸಬೇಕು."

ಓಬಜ್ಜ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಯಂತ್ರಗಳನ್ನು ಬಿಚ್ಚಿ ಕಟ್ಟಿಯೇ ವಿದ್ಯೆ ಕಲಿತವನು. ಅವನು ಈ ಕತೆ ಹೇಳಿದ.

ಒಂದು ಕೋಟೆಯಲ್ಲಿ ಒಂದು ಬಾವಿ. ಮುಂಜಾನೆ ಕಲ್ಲು ಹಾಕಿದರೆ ಮಧ್ಯಾಹ್ನ ಉಂಡು ಕೈತೊಳೆಯುವಾಗ ಡುಬುಕ್ ಎನ್ನುವಷ್ಟು ಆಳ. ಸುಳ್ಳೆನ್ನುವವನು ಇಳಿದು ಅಳೆಯಲಿ. ತಳದ ಹೂಳು ತೆಗೆಯಲು ಒಬ್ಬ ಮುಳುಗುಗಾರನಿದ್ದ. ಅವನು ಉಸಿರು ಕಟ್ಟಿ ಕೂತರೆ ಮೀನುಗಳೇ ಗಾಬರಿಯಾಗಿ ಮೇಲೆ ಬರುತ್ತಿದ್ದವು. ದಂಡೆಯ ಮೇಲೆ ಒಬ್ಬ ಹಗ್ಗದವನು. ಬಂದವರಿಗೆ ಗೂಟಕ್ಕೆ ಹಗ್ಗ ಕಟ್ಟಿಕೊಡುವುದು, ಬೇಡವಾದದ್ದನ್ನು ಬಿಚ್ಚಿ ಮತ್ತೊಬ್ಬರಿಗೆ ಕೊಡುವುದು ಅವನ ಕೆಲಸ. ಮುಳುಗುಗಾರನೂ ಅಂಥದೇ ಒಂದು ಹಗ್ಗ ಹಿಡಿದು ಇಳಿಯುತ್ತಿದ್ದ.

ಒಂದು ದಿನ ಮುಳುಗುಗಾರ ಮೇಲೇರಲು ಹಗ್ಗ ಜಗ್ಗಿದ. ಹಗ್ಗವೇ ಕಳಚಿ ಅವನ ತಲೆಯ ಮೇಲೆ ಬಿತ್ತು. ಕಲ್ಲುಸಂದಿಗೆ ಉಗುರು ಊರಿ ಹೇಗೋ ಹತ್ತಿ ಬಂದ. ಮೂಗಿನಲ್ಲಿ ರಕ್ತ ಇಳಿಯುತ್ತಿತ್ತು.

ಅವನ ಹೆಂಡತಿ ಹಗ್ಗದವನನ್ನು ತಡೆದು ನಿಲ್ಲಿಸಿದಳು. "ನನ್ನ ಗಂಡನ ಹಗ್ಗ ಬಿಚ್ಚಿದೆಯೇನೋ?"

"ಯಾರಾದರೂ ಹಿಡಿದಿರುವ ಹಗ್ಗ ಮುಟ್ಟಿದವನಲ್ಲ ತಾಯಿ ನಾನು."

ಮಾರನೆಯ ದಿನ ಅವಳೇ ದಂಡೆಯ ಮೇಲೆ ಕಾವಲು ನಿಂತಳು. ಚೆನ್ನಾಗಿ ಕಾಣಲೆಂದು ನೀರು ಸೇದುವವರನ್ನೆಲ್ಲ ದೂರ ಅಟ್ಟಿದಳು. ಏನೂ ಆಗಲಿಲ್ಲ. ಗಂಡ ಸುಖವಾಗಿ ಮೇಲೆ ಬಂದ.

"ನೀರೊಳಗೆ ನಿದ್ದೆ ಹೊಡೆದು ಕನಸು ಕಂಡಿದ್ದೀಯ" ಎಂದು ಅವನನ್ನೇ ಬೈದಳು. ಆದರೆ ಕಿತ್ತುಹೋದ ಅವನ ಉಗುರುಗಳನ್ನು ನೋಡಿ ಅವಳಿಗೆ ಅನ್ನ ಇಳಿಯಲಿಲ್ಲ.

ಮರುದಿನ ಅವಳು ಯಾರನ್ನೂ ಅಟ್ಟಲಿಲ್ಲ. ಮುಸುಕು ಹಾಕಿಕೊಂಡು, ಕೊಡ ಹೊತ್ತು, ಗುಂಪಿನಲ್ಲಿ ಸೇರಿಕೊಂಡಳು. ಗಂಡ ಮುಳುಗಿದ. ಜನ ಹೆಚ್ಚಿತು. ಹಗ್ಗ ಸಾಲದಾಯಿತು. "ನಮಗೆ ಕೊಡೋ, ನಮಗೆ ಮೊದಲು ಕೊಡೋ" ಎಂದು ಕೂಗಾಟ. ಹಗ್ಗದವನು ಗೂಟಗಳ ಸಾಲನ್ನು ನೋಡುತ್ತ ಬಂದ. ಯಾವುದು ಯಾರದೆಂದು ಅವನು ನೆನಪಿಡುತ್ತಿರಲಿಲ್ಲ. ದಂಡೆಯ ಮೇಲಿನ ಕೈಗಳನ್ನು ಮಾತ್ರ ನೋಡುತ್ತಿದ್ದ. ಒಂದು ಹಗ್ಗದ ಮೇಲೆ ಯಾರ ಕೈಯೂ ಇರಲಿಲ್ಲ. ಅದರ ಗಂಟಿಗೆ ಕೈ ಹಾಕಿದ.

ಅದು ಗಂಡನ ಹಗ್ಗ. ಅವಳು ಬಗ್ಗಿ ಅದನ್ನು ಹಿಡಿಯುವುದಕ್ಕೂ ಗಂಟು ಬಿಚ್ಚುವುದಕ್ಕೂ ಸರಿಹೋಯಿತು. ಅದೇ ಗಳಿಗೆಯಲ್ಲಿ ಹಗ್ಗ ಕೆಳಗಿನಿಂದ ಸೆಟೆಯಿತು. ಅಂಗೈ ಸುಲಿಯಿತು. ಕೊಡ ಒಡೆಯಿತು. ಅವಳು ಅಂಚಿನವರೆಗೆ ಜಾರಿದಳು, ಕಲ್ಲಿಗೆ ಕಾಲು ಕೊಟ್ಟು ನಿಂತಳು. ಬಿಡಲಿಲ್ಲ.

"ಕೆಳಗೆ ಮನುಷ್ಯ ಇದ್ದಾನೋ!"

ಹಗ್ಗದವನು ಓಡಿಬಂದು ಅವಳ ಜೊತೆ ಜಗ್ಗಿದ. ಮುಳುಗುಗಾರ ದಂಡೆಯ ಮೇಲೆ ಬಂದು ಬಿದ್ದ, ಕೆಮ್ಮಿದ. ಹಗ್ಗದವನ ಮುಖ ಬಿಳುಚಿತ್ತು. "ಮೇಲೆ ಯಾರೂ ಹಿಡಿದಿರಲಿಲ್ಲವಲ್ಲ ತಾಯಿ" ಎಂದ.

ಓಬಜ್ಜ ಕತೆ ನಿಲ್ಲಿಸಿದ.

"ಹಾಗಾದರೆ ತಪ್ಪು ಹಗ್ಗದವನದೇ" ಎಂದ ಕೊಟ್ರೇಶ.

"ಮೇಲಿನವನನ್ನೂ ಕೆಳಗಿನವನನ್ನೂ ಕೆಲಸಕ್ಕೆ ಹಚ್ಚಿದವನು ನೀನು ಮಗಾ, ಕೆಳಗೊಂದು ಕೈ ಇನ್ನೂ ಹಿಡಿದಿದೆ ಅಂತ ಮೇಲಿನವನಿಗೆ ಹೇಳಿದ್ದೀಯಾ?"