ಗ್ರೆವಿಲಿಯಾ ಹೂವು ಕೈ ಅಡ್ಡ ಹಿಡಿದದ್ದು

ಬಡಿಸಿದರೆ ಬಾಡುತ್ತೆ, ಉಪವಾಸ ಇಟ್ಟರೆ ಅರಳುತ್ತೆ. ಹೂವಿದೆ, ಎಸಳಿಲ್ಲ. ಏನು ಹೇಳಿ?

ಆಗಲ್ಲ ಬಿಡಿ. ನಿಮ್ಮ ಮೇಷ್ಟ್ರಿಗೂ ಆಗಲ್ಲ. ಅದು ಗ್ರೆವಿಲಿಯಾ ಗಿಡ. ಕಾಫಿ ತೋಟದಲ್ಲಿ ಉದ್ದಕ್ಕೆ ನಿಂತಿರುತ್ತಲ್ಲ ಸಿಲ್ವರ್ ಓಕ್ ಮರ, ಅದರ ಕುಳ್ಳ ತಂಗಿ.

ಲೋಕ ಆಗಿನ್ನೂ ಹೊಸದು. ಬಳಿದ ಬಣ್ಣ ಆರಿರಲಿಲ್ಲ. ಗಿಳಿಯನ್ನು ಮುಟ್ಟಿದರೆ ಕೈ ಹಸಿರಾಗುತ್ತಿತ್ತು. ಗುಡ್ಡದ ಬುಡದಲ್ಲಿ ಮಾದಜ್ಜಿಯ ಕೈತೋಟ. ಅಜ್ಜಿಗೆ ಒಂದೇ ಒಂದು ಜಂಬ: ಅವಳ ಮನೆಗೆ ಬಂದ ನೆಂಟರು ತೇಗದೆ ಎದ್ದದ್ದೇ ಇಲ್ಲ.

ಒಂದು ದಿನ ಗಾಳಿ ಏದುಸಿರು ಬಿಡುತ್ತಾ ಬಂದು ಅವಳ ಮಡಿಲಿಗೆ ಬೀಜವೊಂದನ್ನು ಹಾಕಿತು.

“ಏಳು ಸಮುದ್ರ ದಾಟಿ ತಂದಿದ್ದೀನಜ್ಜಿ. ಲೋಕದಲ್ಲಿ ಇರೋದು ಇದೊಂದೇ. ಜೋಪಾನ!”

“ನನ್ನ ಕೈಗೆ ಬಂತಲ್ಲ, ಇನ್ನೇನು ಯೋಚನೆ? ನೀನು ಹೋಗಪ್ಪ.”

ಬೀಜ ಗಿಡವಾಯಿತು. ಸೀಳು ಸೀಳು ಎಲೆ, ಕಡ್ಡಿಯಂಥ ಮೈ. ನೋಡಿ ಅಜ್ಜಿಗೆ ಕರುಳು ಚುರ್ ಎಂದಿತು.

“ಅಯ್ಯೋ ನನ್ ಕಂದ, ಎಷ್ಟು ಸೊರಗಿದ್ದೀಯೇ! ನಿಮ್ಮೂರಲ್ಲಿ ಊಟ ಹಾಕ್ತಿರಲಿಲ್ವಾ?” ಎಂದು ಒಂದು ಬುಟ್ಟಿ ಗೊಬ್ಬರ ಸುರಿದಳು.

“ಸಾಕಜ್ಜಿ,” ಎಂದಿತು ಗಿಡ.

“ನಾಚ್ಕೋಬೇಡ. ನೆಂಟರು ಸಾಕು ಅಂದ್ರೆ ಇನ್ನೊಂಚೂರು ಹಾಕಿ ಅಂತ,” ಎಂದು ಇನ್ನೊಂದು ಬುಟ್ಟಿ ಸುರಿದಳು.

ಗಿಡ ಹಳದಿಯಾಯಿತು. ಹಳದಿಯಾಯಿತಲ್ಲ ಅಂತ ಮೂರನೇ ಬುಟ್ಟಿ. ಎಲೆ ಉದುರಿತು. ಉದುರಿತಲ್ಲ ಅಂತ ನಾಲ್ಕನೇದು.

ಅಷ್ಟರಲ್ಲಿ ಸೂರಕ್ಕಿ ಬಂದು ಬೇಲಿ ಮೇಲೆ ಕೂತಿತು. ಹೆಬ್ಬೆಟ್ಟಿನಷ್ಟು ಹಕ್ಕಿ, ಬಾಯಿ ಮಾತ್ರ ತಮಟೆ.

“ನೆಂಟರಿಗೆ ಉಣಿಸಿ ಉಣಿಸಿ ಕೊಲ್ಲೋದು ಯಾವ ಸೀಮೆ ಪದ್ಧತಿ ಅಜ್ಜಿ?”

“ಏಯ್ ಚೋಟುದ್ದದವಳೇ, ನನಗೇ ಬುದ್ಧಿ ಹೇಳ್ತೀಯಾ?”

“ಬೇರು ಸುಡ್ತಾ ಇದೆ. ಮಣ್ಣು ಮುಟ್ಟಿ ನೋಡು.”

ಅಜ್ಜಿ ಬೆರಳಿಟ್ಟಳು. ಹಸಿ ಗೊಬ್ಬರ ಕುದಿಯುತ್ತಿತ್ತು. ಬೆರಳು ಸರಕ್ಕನೆ ಎಳೆದುಕೊಂಡಳು. ಲೋಕಕ್ಕೆಲ್ಲ ಇದ್ದದ್ದು ಒಂದೇ ಗಿಡ, ಅದನ್ನೂ ನಾನೇ ಕೊಂದೆನಾ?

ಅಳುತ್ತಾ ಕೂತರೆ ಆಗುತ್ತಾ? ಸೆರಗು ಸಿಕ್ಕಿಸಿ, ಗಿಡವನ್ನು ಬೇರು ಸಮೇತ ಎತ್ತಿ, ಗೊಬ್ಬರವೆಲ್ಲ ತೊಳೆದು ಗುಡ್ಡ ಹತ್ತಿದಳು. ಬಿಸಿಲು ಬೀಳುವ ಕಲ್ಲುಮಣ್ಣಿನಲ್ಲಿ ನೆಟ್ಟು, ಒಂದು ಚೊಂಬು ನೀರು ಹಾಕಿದಳು. ಆಮೇಲೆ ಬರಿಗೈಯಲ್ಲಿ ವಾಪಸು ಬಂದಳು. ಪಾಪ, ಅದೇ ಕಷ್ಟದ ಕೆಲಸ.

ಮರುದಿನ ಬೆಳಿಗ್ಗೆ ಮತ್ತೆ ಗುಡ್ಡದ ಮೇಲೆ ಹಾಜರ್.

“ಸೆರಗಲ್ಲೇನಜ್ಜಿ?” ಎಂದಿತು ಸೂರಕ್ಕಿ.

“ಏನಿಲ್ವೇ, ಗಾಳಿ ತುಂಬ್ಕೊಂಡಿದೆ.”

“ಗಾಳಿ ಸಗಣಿ ವಾಸನೆ ಹೊಡೆಯುತ್ತಾ?”

ಅಜ್ಜಿ ಗೊಣಗುತ್ತಾ ಇಳಿದಳು. ಹೀಗೇ ಮೂರು ದಿನ ಹತ್ತಿದಳು, ಮೂರು ದಿನ ಇಳಿದಳು. ನಾಲ್ಕನೇ ದಿನ ಗಿಡದ ತುದಿಯಲ್ಲಿ ಬೆಳ್ಳಿಯಂಥ ಚಿಗುರು! ತಿಂಗಳು ಕಳೆಯುವಷ್ಟರಲ್ಲಿ ಕೆಂಪು ಮೊಗ್ಗು!

ಮೊಗ್ಗು ಕಂಡದ್ದೇ ಅಜ್ಜಿಯ ಮನಸ್ಸು ತಡೆಯಲಿಲ್ಲ. “ಮೊಗ್ಗು ಬಿಟ್ಟ ಮಗು, ಒಂದೇ ಒಂದು ಹಿಡಿ, ನನ್ನಾಣೆ,” ಎಂದು ಗೊಬ್ಬರ ಹಿಡಿದು ಬಗ್ಗಿದಳು.

ಸಾಕು ಅಂದರೆ ಈ ಅಜ್ಜಿ ಕೇಳುವವಳಲ್ಲ ಅಂತ ಗಿಡಕ್ಕೂ ಗೊತ್ತಾಗಿತ್ತು. ಅದಕ್ಕೇ ಪಂಕ್ತಿಯಲ್ಲಿ ಹೊಟ್ಟೆ ತುಂಬಿದವರು ಮಾಡುವುದನ್ನೇ ಮಾಡಿತು. ಮೊಗ್ಗುಗಳನ್ನೆಲ್ಲ ಪಟಪಟ ಬಿಚ್ಚಿ, ಎಸಳಿನ ಬದಲಿಗಿದ್ದ ಕೆಂಪು ಬೆರಳುಗಳನ್ನು ಬಾಗಿಸಿ, ಎಲೆಯ ಮೇಲೆ ಅಡ್ಡ ಹಿಡಿಯಿತು!

ಅಜ್ಜಿ ಬಿದ್ದು ಬಿದ್ದು ನಕ್ಕಳು. “ಆಯ್ತು ತಾಯಿ, ಆಯ್ತು!” ಎಂದು ಆ ಹಿಡಿ ಗೊಬ್ಬರವನ್ನು ಕೆಳಗಿನ ಕುಂಬಳಬಳ್ಳಿಗೆ ಒಯ್ದು ಹಾಕಿದಳು. ಸೂರಕ್ಕಿ ಆ ಬೆರಳುಗಳ ಬುಡಕ್ಕೆ ಕೊಕ್ಕಿಟ್ಟು ಜೇನು ಹೀರಿತು.

ಗಿಡ ಬದುಕಿದ್ದು ಹಳೇ ಕಥೆ. ಬೆರಳು ಅಡ್ಡ ಹಿಡಿದದ್ದು ಮಾತ್ರ ನಾನೇ ಕಟ್ಟಿದ್ದು, ಬೈಕೊಳ್ಳಿ. ಆದರೆ ಬೈಯೋಕೆ ಮುಂಚೆ ತೋಟಕ್ಕೆ ಹೋಗಿ ನೋಡಿ: ಗ್ರೆವಿಲಿಯಾ ಹೂವು ಇವತ್ತಿಗೂ ಬೆರಳೆಲ್ಲ ಬಾಗಿಸಿ, ಗೊಬ್ಬರದ ಬುಟ್ಟಿ ಹಿಡಿದು ಬಂದವರಿಗೆಲ್ಲ ಕೈ ಅಡ್ಡ ಮಾಡಿಕೊಂಡೇ ನಿಂತಿರುತ್ತೆ.