ಡೇಲಿಲಿ ಒಂದೇ ದಿನ ಅರಳುವುದು ಏಕೆ?

ಭೂಮಿಗೆ ಇನ್ನೂ ಹೊಸ ಮಣ್ಣಿನ ವಾಸನೆ ಹೋಗಿರಲಿಲ್ಲ. ಸೂರ್ಯನಿಗೂ ತನ್ನ ದಾರಿ ಸರಿಯಾಗಿ ರೂಢಿಯಾಗಿರಲಿಲ್ಲ. ಆಗ, ಈಗ ನಾವು ಡೇಲಿಲಿ ಅನ್ನುವ ಗಿಡ ಒಂದು ಕಡ್ಡಿಗೆ ಒಂದೇ ಹೂ ಬಿಡುತ್ತಿತ್ತು. ಆ ಹೂ ತಿಂಗಳಿಡೀ ಬಾಡುತ್ತಿರಲಿಲ್ಲ.

ಸಾಕಮ್ಮನ ಹಿತ್ತಲಲ್ಲಿ ಅಂಥದ್ದೊಂದು ಗಿಡ ಇತ್ತು. ಅಕ್ಕಿ ತೊಳೆದ ನೀರು ಹಾಕಿ ಮೂರು ವರ್ಷ ಸಾಕಿದ್ದಳು. ಕೊನೆಗೂ ಒಂದು ಮೊಗ್ಗು ಬಂತು. ಹೊರಗೆ ಮಾಗಿದ ಮಾವಿನ ಬಣ್ಣ, ತುದಿಯಲ್ಲಿ ಇಣುಕುವ ಕುಂಕುಮದ ಕೆಂಪು. ಅಂಥ ಬಣ್ಣವನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಸಾಕಮ್ಮನಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಯಾರದಾದರೂ ಕಣ್ಣು ಬಿದ್ದರೆ? ಬೇರೆಯವರಾದರೆ ಗಿಡದ ಪಕ್ಕ ಕೋಲು ನೆಟ್ಟು, ಸುಣ್ಣದ ಬೊಟ್ಟಿಟ್ಟ ಮಡಕೆಯನ್ನು ಆ ಕೋಲಿನ ಮೇಲೆ ಬೋರಲು ಹಾಕುತ್ತಾರೆ. ನಮ್ಮ ಸಾಕಮ್ಮ ಬಲು ಬುದ್ಧಿವಂತೆ ನೋಡಿ, ದೊಡ್ಡ ಮಡಕೆ ತಂದು ಗಿಡದ ಮೇಲೆಯೇ ಬೋರಲು ಹಾಕಿಬಿಟ್ಟಳು!

ಮಾರನೆಯ ದಿನ ಮಡಕೆಯೊಳಗಿಂದ ಸಣ್ಣ ದನಿ ಬಂತು. "ಅವ್ವಾ, ಬೆಳಗಾಯ್ತಾ?"

"ಆಯ್ತು ಮಗಾ."

"ಮತ್ತೆ ಯಾಕೆ ಕತ್ತಲು? ಇರುವೆ ಹಗಲು ಅಂತದೆ, ಜೀರುಂಡೆ ರಾತ್ರಿ ಅಂತದೆ. ಅರಳ್ಲಾ, ಮಲಗ್ಲಾ?"

ಸಾಕಮ್ಮ ಯೋಚಿಸಿದಳು. ಅರಳು ಅಂದರೆ ಕತ್ತಲಲ್ಲಿ ಹೇಗೆ ಅರಳೀತು? ಮಲಗು ಅಂದರೆ ಅರಳುವುದು ಯಾವಾಗ? "ತಡಿ, ಆಮೇಲೆ ಹೇಳ್ತೀನಿ" ಅಂದಳು.

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ದನಿಯೇ ಬರಲಿಲ್ಲ. ಸಾಕಮ್ಮ ಮಡಕೆಯ ಅಂಚು ಎತ್ತಿ ನೋಡಿದರೆ ಎಲೆಗಳು ಹಳದಿಯಾಗಿದ್ದವು, ಮೊಗ್ಗು ತಲೆ ಬಾಗಿಸಿತ್ತು.

ಪಕ್ಕದ ಮನೆಯ ದೇವೀರಮ್ಮನ ಹತ್ತಿರ ಓಡಿದಳು. "ಅಕ್ಕಾ, ಒಂದು ನರಪಿಳ್ಳೆಗೂ ತೋರಿಸ್ಲಿಲ್ಲ. ಆದ್ರೂ ದೃಷ್ಟಿ ಹೆಂಗಕ್ಕಾ ತಗುಲ್ತು?"

"ಸೂರ್ಯನಿಗಾದ್ರೂ ತೋರಿಸಿದ್ಯಾ?" ಎಂದಳು ದೇವೀರಮ್ಮ.

ಸಾಕಮ್ಮ ನಾಚಿ ನೀರಾದಳು. ಓಡಿ ಬಂದು ಮಡಕೆ ತೆಗೆದೆಸೆದಳು.

ಮೊಗ್ಗು ಮೆಲ್ಲಗೆ ತಲೆ ಎತ್ತಿತು. "ಇದು ಬೆಳಕಾ? ನಾಳೇನೂ ಇರ್ತದಾ?"

ಸಾಕಮ್ಮ ಸೂರ್ಯನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡ. "ನಂಗೂ ಸರಿಯಾಗಿ ಗೊತ್ತಿಲ್ಲ ತಾಯಿ. ದಾರಿ ಸಿಕ್ಕಿದ್ರೆ ಬರ್ತೀನಿ."

"ಹಂಗಾದ್ರೆ ಇವತ್ತೇ!" ಎಂದಿತು ಮೊಗ್ಗು. ತಿಂಗಳಿಡೀ ಅರಳಬೇಕಾದದ್ದು ಒಂದೇ ಹಗಲಲ್ಲಿ ಅರಳಿತು. ಸಂಜೆಗೆ ಮುದುಡಿತು.

ಸಾಕಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಮೂರು ವರ್ಷ ಕಾದದ್ದು ಒಂದು ಹಗಲಿಗಾ?

ಆಗ ಮಣ್ಣಿನೊಳಗಿಂದ ಬೇರು ಮಾತಾಡಿತು. "ಅಳಬೇಡ ಕಣವ್ವಾ. ನಾಳೆ ಹೆಂಗೋ ಏನೋ, ನಂಗೂ ತಿಳೀದು. ಅದಕ್ಕೇ ಇನ್ಮೇಲೆ ಎಲ್ಲಾನೂ ಒಂದೇ ಹೂವಿಗೆ ಕೊಡಾಕಿಲ್ಲ. ದಿನಕ್ಕೊಂದು ಹೂ ಕಳಿಸ್ತೀನಿ."

ಬೆಳಗಾಯಿತು. ಅದೇ ಕಡ್ಡಿಯಲ್ಲಿ ಹತ್ತು ಮೊಗ್ಗು! ಒಂದು ಆಗಲೇ ಅರಳಿತ್ತು. ಕಣ್ಣು ಬೀಳುತ್ತದೋ ಇಲ್ಲವೋ ಸಾಕಮ್ಮನಿಗೆ ಈಗಲೂ ಗೊತ್ತಿರಲಿಲ್ಲ. ಆದರೂ ಬೀದಿಗೆ ಬಂದು ಕೂಗಿದಳು: "ಬನ್ರವ್ವಾ, ಎಲ್ಲಾರೂ ಬಂದು ನೋಡ್ರಿ! ಸಂಜೆಗೆ ಇದು ಇರಾಕಿಲ್ಲ!"

ಅದಕ್ಕೇ ಪುಟ್ಟಾ, ಇವತ್ತಿಗೂ ಡೇಲಿಲಿ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ನಾಳೆ ಹೇಗಿರುತ್ತದೋ ತಿಳಿಯದಿದ್ದರೂ ನಾಳೆಯ ಮೊಗ್ಗು ಅದರ ಪಕ್ಕದಲ್ಲೇ ಸಿದ್ಧವಾಗಿ ನಿಂತಿರುತ್ತದೆ.